ಎಷ್ಟು ಕೆಲಸ ಅಂತ ಕೇಳಿದೆವು, ಎಷ್ಟು ವಿಷ ಅಂತಲೂ ಕೇಳೋಣ

ಕೆಮಿಕಲ್ ಫ್ಯಾಕ್ಟರಿ ಬರುವ ಊರುಗಳ ಅಹವಾಲು ಸಭೆಯಲ್ಲಿ ನಮಗೆ ಕೇಳಿಸುವುದು ಎರಡೇ ಪ್ರಶ್ನೆ: ಎಷ್ಟು ಮಂದಿಗೆ ಕೆಲಸ, ಎಕರೆಗೆ ಎಷ್ಟು ದುಡ್ಡು? ಮೂರನೆಯದೂ ಬೇಕು: ಒಳಗೆ ಒಂದೇ ಹೊತ್ತಿಗೆ ಎಷ್ಟು ವಿಷ ಕೂಡಿಟ್ಟಿರುತ್ತೀರಿ?

1984ರ ಡಿಸೆಂಬರ್ 2ರ ರಾತ್ರಿ ಭೋಪಾಲದ ಆ ಟ್ಯಾಂಕಿನಲ್ಲಿ ಸುಮಾರು 40 ಟನ್ ಮಿಥೈಲ್ ಐಸೋಸಯನೇಟ್ ಇತ್ತು. ಅದು ಮಾರುವ ಸರಕಲ್ಲ, ಕೀಟನಾಶಕ ತಯಾರಿಕೆಯ ನಡುವಿನ ಹಂತದ್ದು. ನೀರು ಸೇರಿತು, ಕಾಯಿತು, ಸೋರಿತು. ಸಾವಿರಾರು ಜನ ಸತ್ತರು.

ಈಗ ಫ್ಲೋ ಕೆಮಿಸ್ಟ್ರಿ ಎಂಬ ದಾರಿ ಇದೆ. ಬೆಲ್ಲದ ಕೊಪ್ಪರಿಗೆಯಂಥ ರಿಯಾಕ್ಟರಿಗೆ ಎಲ್ಲವನ್ನೂ ಒಮ್ಮೆಗೇ ಸುರಿಯುವ ಬದಲು, ಮಿಲಿಮೀಟರ್ ಅಳತೆಯ ಕೊಳವೆಗಳಲ್ಲಿ ರಾಸಾಯನಿಕಗಳು ಹರಿಯುತ್ತಲೇ ಬೆರೆಯುತ್ತವೆ. ಕೊಳವೆ ಸಣ್ಣದು, ಬಿಸಿ ಬೇಗ ಹೊರಹೋಗುತ್ತದೆ. ವಿಷವಸ್ತು ಬೇಕಾದಷ್ಟೇ ಹುಟ್ಟಿ, ಅಲ್ಲೇ ಮುಂದಿನ ಹಂತಕ್ಕೆ ಖರ್ಚಾಗುವಂತೆ ಮಾಡಬಹುದು. ಸೋರಿದರೂ ಸ್ವಲ್ಪವೇ.

ಗಟ್ಟಿ ಪುಡಿ ಉಂಟಾದರೆ ಕೊಳವೆ ಕಟ್ಟಿಕೊಳ್ಳುತ್ತದೆ. ಎಲ್ಲ ಕೆಲಸಕ್ಕೂ ಇದು ಒಗ್ಗದು. ಹೊಲಸು ನೀರು ಹಳ್ಳಕ್ಕೆ ಬಿಡುವವರನ್ನು ಇದು ತಿದ್ದುವುದೂ ಇಲ್ಲ. ಆದರೆ ಒಗ್ಗುವ ಕಡೆಯೂ ಯಾಕೆ ಬೇಡ ಎಂದು ಕೇಳೋಣ. ಉತ್ತರ ಬಾಯಿಮಾತಿನಲ್ಲಿ ಬೇಡ, ಬರವಣಿಗೆಯಲ್ಲಿ ಕೊಡಲಿ.