ಕಿತ್ತಳೆಯ ಸಿಪ್ಪೆಯೂ ಕ್ರಿಸ್‌ಮಸ್ಸಿನ ಬಿಸ್ಕತ್ತೂ

ಡಿಸೆಂಬರ್ ಮಾಸವು ಪ್ರವೇಶಿಸಿತೆಂದರೆ ನಮ್ಮ ನಗರಗಳ ಬೇಕರಿಗಳ ಗಾಜಿನ ಕಪಾಟುಗಳಲ್ಲಿ ಕ್ರಿಸ್‌ಮಸ್ ಹಬ್ಬದ ಕೇಕುಗಳ ಮಗ್ಗುಲಿಗೇ ಕಿತ್ತಳೆಯ ಇಲ್ಲವೆ ನಿಂಬೆಯ ಪರಿಮಳವುಳ್ಳವೆಂದು ಹೇಳಿಕೊಳ್ಳುವ ಬಿಸ್ಕತ್ತುಗಳೂ ಕಾಣಿಸಿಕೊಳ್ಳತೊಡಗುತ್ತವೆ. ಅವನ್ನು ಕೊಂಡು ಬಾಯಿಗಿಟ್ಟವರಿಗೆ, ಆ ಪರಿಮಳವು ಹಣ್ಣಿನಿಂದ ಬಂದುದಲ್ಲ, ಎಸೆನ್ಸಿನ ಸೀಸೆಯಿಂದ ಬಂದುದೆಂಬ ಸಂಗತಿಯು ಬಹುಮಟ್ಟಿಗೆ ಮೊದಲ ಚೂರಿನಲ್ಲಿಯೇ ಗೋಚರಿಸುತ್ತದೆ. ಅದೇ ಅಂಗಡಿಯ ಹೊರಗೆ ತಳ್ಳುಗಾಡಿಯ ಮೇಲೆ ಕಿತ್ತಳೆ ರಾಶಿ ಬಿದ್ದಿರುತ್ತದೆ. ಹಣ್ಣು ಸಮೃದ್ಧವಾಗಿರುವ ಋತುವಿನಲ್ಲಿಯೇ ಹಣ್ಣಿನ ಹೆಸರನ್ನು ಹೊತ್ತ ತಿಂಡಿಗೆ ಹಣ್ಣಿನ ಸಂಪರ್ಕ ಲೇಶವೂ ಇಲ್ಲದಿರುವುದು ನನಗೆ ವಿಚಿತ್ರವೆಂದೂ, ಹಬ್ಬದ ಘನತೆಗೆ ಒಪ್ಪದ ನಡೆಯೆಂದೂ ತೋರುತ್ತದೆ. ವರ್ಷದ ಉಳಿದ ದಿನಗಳ ಮಾತು ಹಾಗಿರಲಿ; ಹಬ್ಬಕ್ಕೆಂದು ಸುಡುವ ಬಿಸ್ಕತ್ತಿಗಾದರೂ ಹಣ್ಣಿನ ಸಿಪ್ಪೆಯನ್ನೇ ಬಳಸತಕ್ಕುದೆಂಬುದು ನನ್ನ ವಾದ.

ಸಿಪ್ಪೆಯೆಂದೆನೇ ಹೊರತು ರಸವೆನ್ನಲಿಲ್ಲ. ಮನೆಯಲ್ಲಿ ಉತ್ಸಾಹದಿಂದ ತೊಡಗಿದವರ ಪ್ರಯತ್ನ ವಿಫಲವಾಗುವುದು ಸಾಮಾನ್ಯವಾಗಿ ಈ ಒಂದು ಭೇದವನ್ನು ಗಮನಿಸದೆ ಹೋದುದರಿಂದಲೇ. ಕಿತ್ತಳೆಯ ರಸದಲ್ಲಿ ಇರುವುದು ಮುಖ್ಯವಾಗಿ ನೀರು, ಸಕ್ಕರೆ ಮತ್ತು ಹುಳಿ; ಅದನ್ನು ಹಿಟ್ಟಿಗೆ ಧಾರಾಳವಾಗಿ ಸುರಿದರೆ ನೀರಿನ ಅಂಶ ಹೆಚ್ಚಿ, ಮೈದಾಹಿಟ್ಟು ಜಿಗುಟಾಗಿ, ಬಿಸ್ಕತ್ತು ತನ್ನ ಗರಿಮುರಿಯನ್ನು ಕಳೆದುಕೊಳ್ಳುವುದಲ್ಲದೆ, ಪರಿಮಳವೂ ನಿರೀಕ್ಷಿಸಿದಷ್ಟು ಬರುವುದಿಲ್ಲ. ನಾವು ಕಿತ್ತಳೆಯ ಕಂಪೆಂದು ಗುರುತಿಸುವ ವಸ್ತುವು ನೆಲೆಸಿರುವುದು ಸಿಪ್ಪೆಯ ಹೊರಮೈಯ ಬಣ್ಣದ ಪದರದಲ್ಲಿ, ಬರಿಗಣ್ಣಿಗೂ ಚುಕ್ಕೆಗಳಂತೆ ಕಾಣುವ ಸೂಕ್ಷ್ಮ ತೈಲಕೋಶಗಳಲ್ಲಿ. ಸಿಪ್ಪೆಯನ್ನು ದೀಪದ ಕುಡಿಯ ಬಳಿ ಹಿಂಡಿದರೆ ಕಿಡಿ ಚಟಚಟನೆ ಹಾರುವ ಆಟವನ್ನು ಬಾಲ್ಯದಲ್ಲಿ ಆಡದವರು ವಿರಳ. ಹಾಗೆ ಉರಿಯುವುದು ಈ ತೈಲವೇ. ಸಿಹಿಕಿತ್ತಳೆಯ ತೈಲದಲ್ಲಿ 100ಕ್ಕೆ 90 ಭಾಗಕ್ಕೂ ಮಿಕ್ಕಿ ಲಿಮೊನೀನ್ ಎಂಬ ಒಂದೇ ದ್ರವ್ಯವಿರುವುದಾದರೂ, ಒಂದು ಹಣ್ಣಿನ ಕಂಪು ಮತ್ತೊಂದರ ಕಂಪಿನಂತಿರದೆ ಪ್ರತ್ಯೇಕವಾಗಿ ನಿಲ್ಲುವುದಕ್ಕೆ ಕಾರಣ ಉಳಿದ ಅಲ್ಪಾಂಶದಲ್ಲಿ ಅಡಗಿರುವ ನಾನಾ ದ್ರವ್ಯಗಳು. ಸೀಸೆಯ ಎಸೆನ್ಸಿನಲ್ಲಿ ನಷ್ಟವಾಗುವುದು ಈ ಅಲ್ಪಾಂಶವೇ. ಆದ್ದರಿಂದ ಅಲ್ಲಿ ಕಿತ್ತಳೆಯೆಂಬ ಸ್ಥೂಲವಾದ ಸೂಚನೆ ಉಳಿಯುತ್ತದೆಯೇ ಹೊರತು, ಯಾವ ಊರಿನ ಯಾವ ಕಿತ್ತಳೆಯೆಂಬುದು ಉಳಿಯುವುದಿಲ್ಲ.

ಕ್ರಿಸ್‌ಮಸ್ಸಿಗೂ ಈ ಜಾತಿಯ ಹಣ್ಣುಗಳಿಗೂ ನಂಟು ಬೆಳೆದುದು ಯೂರೋಪಿನಲ್ಲಿ. ಮೆಡಿಟರೇನಿಯನ್ ತೀರದ ತೋಪುಗಳಲ್ಲಿ ಕಿತ್ತಳೆ ಮಾಗುವುದು ಚಳಿಗಾಲದಲ್ಲಿ. ಉತ್ತರದ ಶೀತಪ್ರದೇಶಗಳಲ್ಲಿ ಮರಗಳೆಲ್ಲ ಬರಿದಾಗಿ ನಿಂತಿರುವ ಆ ಕಾಲದಲ್ಲಿ ದಕ್ಷಿಣದಿಂದ ಬಂದ ಒಂದು ಹಣ್ಣು ಮಕ್ಕಳಿಗೆ ಕೊಡತಕ್ಕ ಉಡುಗೊರೆಯೆನಿಸಿದ್ದರಲ್ಲಿ ಆಶ್ಚರ್ಯವಿಲ್ಲ. ತಾಜಾ ಹಣ್ಣು ದೂರ ಸಾಗಲಾರದಿದ್ದಾಗ ಸಿಪ್ಪೆಯನ್ನು ಸಕ್ಕರೆಪಾಕದಲ್ಲಿ ಬೇಯಿಸಿ ಒಣಗಿಸಿ ಇಟ್ಟುಕೊಳ್ಳುತ್ತಿದ್ದರು. ಜರ್ಮನಿಯ ನ್ಯೂರೆಂಬರ್ಗ್ ಪಟ್ಟಣದ ಲೇಬ್‌ಕೂಖನ್ ಎಂಬ ಹಬ್ಬದ ಬಿಸ್ಕತ್ತಿನಲ್ಲಿ ಇಂದಿಗೂ ಇಂಥ ಸಿಪ್ಪೆಯೇ ಸೇರುತ್ತದೆ. ಸುತ್ತಣ ಅರಣ್ಯದ ಜೇನು, ವ್ಯಾಪಾರಮಾರ್ಗವಾಗಿ ಪೂರ್ವದಿಂದ ಬಂದ ಲವಂಗ ದಾಲ್ಚಿನ್ನಿ ಏಲಕ್ಕಿಗಳು, ಇವೆರಡೂ ಒಂದೆಡೆ ಕೂಡಿದುದರಿಂದ ಆ ಪಟ್ಟಣಕ್ಕೆ ಈ ವಿದ್ಯೆ ಒಲಿಯಿತು. ಅದರ ಉತ್ತಮ ಬಗೆಯಾದ ಎಲೀಸನ್ ಲೇಬ್‌ಕೂಖನ್ನಿನಲ್ಲಿ ಹಿಟ್ಟು 100ಕ್ಕೆ 10 ಭಾಗವನ್ನು ಮೀರಕೂಡದು, ಬಾದಾಮಿ ಮೊದಲಾದ ಬೀಜಗಳು 25 ಭಾಗಕ್ಕೆ ಕಡಿಮೆಯಾಗಕೂಡದು ಎಂಬ ನಿಯಮವುಂಟು. ನ್ಯೂರೆಂಬರ್ಗಿನ ಹೆಸರನ್ನು ಬೇರೆ ಊರಿನವರು ತಮ್ಮ ಸರಕಿಗೆ ಇಟ್ಟುಕೊಳ್ಳದಂತೆ 1996ರಿಂದ ಯೂರೋಪಿನ ಕಾನೂನೂ ಕಾವಲಿಗೆ ನಿಂತಿದೆ. ಒಂದು ಬಿಸ್ಕತ್ತಿಗೆ ಇಷ್ಟೊಂದು ಶಾಸ್ತ್ರವೇ ಎಂದು ನಗುವವರು ನಗಬಹುದು. ನನಗಾದರೋ ಆ ನಿಷ್ಠುರತೆಯ ವಿಷಯದಲ್ಲಿ ಗೌರವವೇ ಹುಟ್ಟುತ್ತದೆ.

ಆ ಲೇಬ್‌ಕೂಖನ್ನಿಗೆ ಸೇರುವ ಸಿಪ್ಪೆಗಳಲ್ಲಿ ಒಂದು ಕಿತ್ತಳೆಯದಾದರೆ ಇನ್ನೊಂದು ನಮ್ಮ ಮಾದಲ ಹಣ್ಣಿನದು. ಮಾತುಲುಂಗವೆಂದು ಸಂಸ್ಕೃತದಲ್ಲಿ ಹೆಸರಾಂತ, ಕೊಲ್ಹಾಪುರದ ಮಹಾಲಕ್ಷ್ಮಿಯ ಕೈಯಲ್ಲಿ ಶೋಭಿಸುವ ಹಣ್ಣು ಅದೇ. ಕಿತ್ತಳೆ, ನಿಂಬೆ, ಚಕ್ಕೋತ, ಮಾದಲಗಳೆಲ್ಲ ಸೇರಿದ ಕುಲದ ತವರು ಹಿಮಾಲಯದ ಆಗ್ನೇಯ ತಪ್ಪಲಿನಲ್ಲಿ, ಅಸ್ಸಾಮಿನ ಪೂರ್ವಭಾಗ ಮತ್ತು ಅದಕ್ಕೆ ಹೊಂದಿಕೊಂಡ ಬರ್ಮಾ ಯುನ್ನಾನ್ ಸೀಮೆಗಳಲ್ಲಿ ಇದ್ದಿರಬೇಕೆಂದು 2018ರಲ್ಲಿ ಪ್ರಕಟವಾದ ವಂಶವಾಹಿಗಳ ಅಧ್ಯಯನವೊಂದು ತೋರಿಸಿತು. ನಮ್ಮ ದಿಕ್ಕಿನಿಂದ ಪಶ್ಚಿಮಕ್ಕೆ ಹೋದ ಹಣ್ಣಿನ ಸಿಪ್ಪೆಯನ್ನು ಅಲ್ಲಿಯವರು ಹಬ್ಬದ ಬಿಸ್ಕತ್ತಿಗೆ ಜತನದಿಂದ ಸೇರಿಸುತ್ತಿರುವಾಗ, ನಾವು ಅದರ ಅನುಕರಣದ ಅನುಕರಣವನ್ನು ಸೀಸೆಯಲ್ಲಿ ಕೊಳ್ಳುತ್ತಿದ್ದೇವೆ.

ನಮ್ಮ ಕ್ರೈಸ್ತ ಬಂಧುಗಳ ಪರಂಪರೆಯಲ್ಲಿ ಇದಕ್ಕೆ ಸ್ಥಳವೆಲ್ಲಿ ಎಂದು ಕೇಳಬಹುದು. ಮಂಗಳೂರಿನ ಕಥೊಲಿಕರು ಕ್ರಿಸ್‌ಮಸ್ಸಿಗೆ ಮಾಡಿ ನೆರೆಹೊರೆಯವರಿಗೆ ಹಂಚುವ ಕುಸ್ವಾರ್ ಎಂಬ ತಿಂಡಿಗಳ ಸಮೂಹದಲ್ಲಿ ನೆವ್ರಿ, ಕಿಡಿಯೊ, ಗುಳಿಯೊ, ಅಚ್ಚಿನಲ್ಲಿ ಅದ್ದಿ ಕರಿಯುವ ರೋಸ್ ಕುಕಿ, ಇವೇ ಪ್ರಧಾನ. ಬಹುತೇಕ ಎಲ್ಲವೂ ಎಣ್ಣೆಯಲ್ಲಿ ಕರಿದವು, ಕಂಪೆಲ್ಲ ತೆಂಗಿನದು ಮತ್ತು ಏಲಕ್ಕಿಯದು. ಅದು ತನ್ನಷ್ಟಕ್ಕೆ ಪರಿಪೂರ್ಣವಾದ ಪರಂಪರೆ. ಅದರೊಳಕ್ಕೆ ಕಿತ್ತಳೆಯನ್ನು ತುರುಕಿರೆಂದು ನಾನು ಹೇಳಲಾರೆ. ಸಿಪ್ಪೆಗೆ ನ್ಯಾಯವಾಗಿ ಸಲ್ಲಬೇಕಾದ ಸ್ಥಾನವಿರುವುದು ಓವನ್ನಿನಲ್ಲಿ ಬೇಯುವ ಕೇಕು ಬಿಸ್ಕತ್ತುಗಳಲ್ಲಿ. ಆದರೆ ಅಲ್ಲಿಯೂ ಪಾಕದ ಸಿಪ್ಪೆಯಿರಬೇಕಾದ ಎಡೆಯಲ್ಲಿ ಇಂದು ಟೂಟಿ ಫ್ರೂಟಿ ಬಂದು ಕುಳಿತಿದೆ. ಕೆಂಪು ಹಸಿರು ಹಳದಿಯಾಗಿ ಹೊಳೆಯುವ ಆ ತುಣುಕುಗಳು ಬಣ್ಣ ಹಾಕಿದ ಪರಂಗಿಕಾಯಿ ಎಂಬುದನ್ನು ಬೇಕರಿಯವರೂ ಮುಚ್ಚಿಡುವುದಿಲ್ಲ.

ಸಿಪ್ಪೆ ಕಹಿಯೆಂಬ ಆಕ್ಷೇಪವು ಕನ್ನಡಿಗರ ಬಾಯಿಂದ ಬರಬಾರದು. ಕಿತ್ತಳೆ ಸಿಪ್ಪೆಯನ್ನು ಹೆಚ್ಚಿ ಹುಣಿಸೆ ಬೆಲ್ಲಗಳೊಡನೆ ಗೊಜ್ಜು ಮಾಡುವ, ಹೇರಳೆಕಾಯಿಯನ್ನು ಚಿತ್ರಾನ್ನಕ್ಕೂ ಉಪ್ಪಿನಕಾಯಿಗೂ ಬಳಸುವ ಮನೆಗಳು ನಮ್ಮಲ್ಲಿ ಎಷ್ಟೋ ಇವೆ. ಕಹಿಯನ್ನು ಹುಳಿ ಸಿಹಿಗಳಿಂದ ಪಳಗಿಸುವ ಪಾಕಜ್ಞಾನ ನಮಗೆ ಹೊಸದಲ್ಲ. ಅದಲ್ಲದೆ ಕಹಿ ಹೆಚ್ಚಾಗಿ ಇರುವುದು ಬಣ್ಣದ ಪದರದ ಕೆಳಗಣ ಬಿಳಿಯ ಭಾಗದಲ್ಲಿ. ಅದನ್ನು ಮುಟ್ಟದೆ ಮೇಲ್ಮೈಯನ್ನಷ್ಟೇ ತುರಿದುಕೊಂಡರೆ ಬಿಸ್ಕತ್ತಿಗೆ ತೊಂದರೆಯಿಲ್ಲ.

ಕ್ರಮ ಸರಳವಾದುದು. ಹಣ್ಣನ್ನು ಉಗುರುಬೆಚ್ಚಗಿನ ನೀರಿನಲ್ಲಿ ಚೆನ್ನಾಗಿ ಉಜ್ಜಿ ತೊಳೆದು ಒರೆಸಿ, ಸುಲಿಯುವುದಕ್ಕೆ ಮೊದಲೇ, ಇಡಿಯಾಗಿರುವಾಗಲೇ ಸಣ್ಣ ಕಣ್ಣಿನ ತುರಿಮಣೆಯ ಮೇಲೆ ಹಗುರವಾಗಿ ತುರಿಯಬೇಕು. ಸುಲಿದ ಸಡಿಲ ಸಿಪ್ಪೆಯನ್ನು ಆಮೇಲೆ ತುರಿಯುತ್ತೇನೆಂದರೆ ಬೆರಳು ತುರಿಯುವುದೇ ಹೆಚ್ಚು. ಎರಡು ಹಣ್ಣಿನ ತುರಿಯನ್ನು 100 ಗ್ರಾಂ ಸಕ್ಕರೆಯೊಡನೆ ಬೆರಳ ತುದಿಯಿಂದ ತಿಕ್ಕುತ್ತ ಹೋದರೆ ಹರಳುಗಳು ತೈಲಕೋಶಗಳನ್ನು ಒಡೆದು, ಸಕ್ಕರೆ ತೇವವಾಗಿ ಬಣ್ಣವೇರಿ, ಅಡಿಗೆಮನೆಯೆಲ್ಲ ಘಮಘಮಿಸುತ್ತದೆ. ಇದಕ್ಕೆ 200 ಗ್ರಾಂ ಬೆಣ್ಣೆಯನ್ನು ಸೇರಿಸಿ ನಾದಿದಾಗ ಕಂಪು ಜಿಡ್ಡಿನಲ್ಲಿ ನೆಲೆಗೊಳ್ಳುತ್ತದೆ. ಈ ತೈಲವು ನೀರಿಗೆ ಒಲಿಯದು, ಜಿಡ್ಡಿಗೆ ಒಲಿಯುತ್ತದೆ. 300 ಗ್ರಾಂ ಮೈದಾ, ಒಂದು ಚಿಟಿಕೆ ಉಪ್ಪು ಬೆರೆಸಿ ಹೆಚ್ಚು ನಾದದೆ ಉಂಡೆಗಟ್ಟಿ, ತಣ್ಣಗೆ ಇಟ್ಟು, ಲಟ್ಟಿಸಿ ಕತ್ತರಿಸಿ, 160 ಡಿಗ್ರಿ ಸೆಲ್ಸಿಯಸ್ ಉಷ್ಣದಲ್ಲಿ ಅಂಚು ಹೊಂಬಣ್ಣಕ್ಕೆ ತಿರುಗುವವರೆಗೆ ಬೇಯಿಸಿದರೆ ಆಯಿತು. ಮೊಟ್ಟೆ ಬೇಕಾಗಿಲ್ಲ. ಉಷ್ಣ ವಿಪರೀತವಾದರೆ ಮಾತ್ರ ತೈಲವು ಆವಿಯಾಗಿ, ಅಡಿಗೆಮನೆಗೆ ದಕ್ಕಿದ ಪರಿಮಳ ಬಿಸ್ಕತ್ತಿಗೆ ದಕ್ಕದೆ ಹೋದೀತು.

ಇನ್ನು ಯಾವ ಹಣ್ಣು ಎಂಬ ಪ್ರಶ್ನೆ. ನನ್ನ ಪಕ್ಷಪಾತವನ್ನು ಮರೆಮಾಚುವುದಿಲ್ಲ: ದೊರೆಯುವುದಾದರೆ ಕೊಡಗಿನ ಕಿತ್ತಳೆ. ಕಾಫಿ ತೋಟಗಳ ನಡುವೆ ಮಿಶ್ರಬೆಳೆಯಾಗಿ ಬೆಳೆದ, ತೆಳು ಸಿಪ್ಪೆಯ, ಹುಳಿಯೂ ಸಿಹಿಯೂ ಸಮನಾಗಿ ಬೆರೆತ ಆ ಹಣ್ಣಿಗೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆತು ವರ್ಷಗಳೇ ಕಳೆದಿವೆ. ಮಾನ್ಯತೆ ದೊರೆತಾಗಲೇ ಬೆಳೆ ಇಳಿಮುಖವಾಗಿತ್ತೆಂಬುದು ದುಃಖದ ವಿಷಯ. ಸಣ್ಣದೊಂದು ಕೀಟವು ಗಿಡದಿಂದ ಗಿಡಕ್ಕೆ ಹರಡುವ ಗ್ರೀನಿಂಗ್ ರೋಗ, ಗಿಡಹೇನು ಹರಡುವ ಟ್ರಿಸ್ಟೆಜಾ ನಂಜು, ಇವು ಮರಗಳನ್ನು ಕೃಶಗೊಳಿಸಿದುವು. ಕಾಫಿ ಮೆಣಸುಗಳಿಂದ ಬರುವ ಆದಾಯದ ಮುಂದೆ ಕಿತ್ತಳೆಯ ಪಾಲನೆಗೆ ಬೆಳೆಗಾರನ ಮನಸ್ಸು ನಿಲ್ಲಲಿಲ್ಲ. ಚೆಟ್ಟಳ್ಳಿಯ ತೋಟಗಾರಿಕಾ ಪ್ರಯೋಗ ಕೇಂದ್ರದಲ್ಲಿ ಈ ಹಣ್ಣಿನ ಉದ್ಧಾರಕ್ಕಾಗಿ ಕೆಲಸ ನಡೆದುಬಂದಿದೆ. ಆದರೂ ಕೊಡಗಿನದೆಂಬ ಹೆಸರಿನಲ್ಲಿ ನಮ್ಮ ಕೈಸೇರುವ ಹಣ್ಣು ಅನೇಕ ವೇಳೆ ನಾಗಪುರದ್ದು. ನಾಗಪುರದ ಹಣ್ಣು ಕೆಟ್ಟದ್ದೇನೂ ಅಲ್ಲ, ಬಿಸ್ಕತ್ತಿಗೆ ಅದೂ ಸಲ್ಲುತ್ತದೆ; ಅದನ್ನು ಅದರ ಹೆಸರಿನಿಂದಲೇ ಮಾರಬೇಕು, ಅಷ್ಟೆ. ತೊಳೆಯ ಜೊತೆಗೆ ಸಿಪ್ಪೆಗೂ ಬೆಲೆ ಬರುವುದಾದರೆ ಕೊಡಗಿನ ಬೆಳೆಗಾರನಿಗೆ ಎರಡು ಕಾಸು ಹೆಚ್ಚು ದಕ್ಕೀತೆಂಬ ಆಸೆ ನನ್ನದು. ಅದರಿಂದ ತೋಟಗಳೆಲ್ಲ ಪುನಃ ಚಿಗುರುವುವೆಂಬ ಭ್ರಮೆಯಿಲ್ಲ.

ಬೇಕರಿಯವರ ಕಷ್ಟವನ್ನೂ ನಾನು ಬಲ್ಲೆ. ಸಿಪ್ಪೆ ತುರಿಯುವುದಕ್ಕೆ ಆಳು ಬೇಕು, ಹೊತ್ತು ಬೇಕು. ಎಸೆನ್ಸಾದರೆ ಕೆಲವು ಹನಿಗಳಲ್ಲಿ ಕೆಲಸ ತೀರುತ್ತದೆ, ವರ್ಷವಿಡೀ ಒಂದೇ ರುಚಿ ಕೊಡುತ್ತದೆ. ಪೊಟ್ಟಣ ಕಟ್ಟಿ ಮಾರುವ ಬಿಸ್ಕತ್ತಿನ ಮೇಲೆ ಕೃತಕ ಸುವಾಸನೆಯಿದ್ದರೆ ಹಾಗೆಂದು ಮುದ್ರಿಸಬೇಕೆಂಬ ಕಾನೂನು ನಮ್ಮ ದೇಶದಲ್ಲಿದೆ. ಡಬ್ಬಿಯಿಂದ ತೂಗಿ ಕೊಡುವ ಬಿಸ್ಕತ್ತಿನ ಮೇಲೆ ಓದುವುದಕ್ಕೆ ಏನೂ ಇರುವುದಿಲ್ಲ. ಆದುದರಿಂದ ಹಬ್ಬದ ತಿಂಗಳೊಂದರಲ್ಲಾದರೂ ಒಂದು ಬಗೆಯ ಬಿಸ್ಕತ್ತನ್ನು ಸಿಪ್ಪೆಯಿಂದಲೇ ಮಾಡಿ, ಹಾಗೆಂದು ಒಂದು ಚೀಟಿಯಲ್ಲಿ ಬರೆದು ಡಬ್ಬಿಗೆ ಅಂಟಿಸಿ, ಅದಕ್ಕೆ ತಕ್ಕ ಬೆಲೆಯನ್ನೇ ಕೇಳಲಿ ಎಂದು ಬೇಕರಿಯ ಮಾಲೀಕರಲ್ಲಿ ನನ್ನ ವಿನಂತಿ. ಓದುಗರು ಮಾಡತಕ್ಕ ಕೆಲಸ ಅದಕ್ಕಿಂತ ಸುಲಭವಾದುದು: ಈ ಸಲ ಕಿತ್ತಳೆ ಬಿಸ್ಕತ್ತು ಕೊಳ್ಳುವಾಗ, ಇದಕ್ಕೆ ಹಾಕಿರುವುದು ಸಿಪ್ಪೆಯೋ ಎಸೆನ್ಸೋ ಎಂದು ಕೇಳಿರಿ, ಸಿಪ್ಪೆಯೆಂದರೆ ಹತ್ತು ರೂಪಾಯಿ ಹೆಚ್ಚು ಕೊಟ್ಟು ಕೊಳ್ಳಿರಿ.