ಬಿಡುಗಡೆಗೂ ಒಂದು ಬಾಣಂತನ ಬೇಕು

ಮರಾಠಿ ಮತ್ತು ಕನ್ನಡ ಎರಡನ್ನೂ ಕಲಿಸುತ್ತಿದ್ದ ಶಾಲೆಯಲ್ಲಿ ಓದಿದವನು ನಾನು. ಮರಾಠಿಯ ‘ಸುಟಕಾ’ ಎಂಬ ಮಾತಿಗೆ ಎರಡು ಅರ್ಥಗಳಿರುವುದನ್ನು ಅಲ್ಲಿಯೇ ತಿಳಿದೆ. ಸೆರೆಯಾಳು ಹೊರಬಂದರೂ ಸುಟಕಾ, ಗರ್ಭಿಣಿಗೆ ಹೆರಿಗೆಯಾದರೂ ಸುಟಕಾ. ಹೆರಿಗೆಯಾದವಳ ವಿಷಯದಲ್ಲಿ ನಮ್ಮ ಸಮಾಜ ತನ್ನ ಕರ್ತವ್ಯವನ್ನು ಬಲ್ಲದು. ಎಣ್ಣೆನೀರು, ಪಥ್ಯ, ಬೆಚ್ಚನೆಯ ಮೂಲೆ, ತಿಂಗಳುಗಟ್ಟಲೆ ಬಾಣಂತನ. ಸೆರೆಯಿಂದ ಬಂದವನಿಗಾದರೋ ಬಾಗಿಲು ತೆರೆದರೆ ಎಲ್ಲವೂ ಮುಗಿಯಿತೆಂದು ನಾವು ಭಾವಿಸಿದ್ದೇವೆ.

ನಮ್ಮ ನಾಟ್ರಾಂಪಾಳ್ಯದ ಸೀಮೆಗೆ ಇದು ದೂರದ ಸಂಗತಿಯಲ್ಲ. ಅಂಚೆಟ್ಟಿಯಿಂದ ಹೊಗೇನಕಲ್ಲಿಗೆ ಇಳಿಯುವ ಈ ಕಾಡುದಾರಿಯ ಆಚೆ ಕಾವೇರಿ. ಅದರಾಚೆ ಗೋಪಿನಾಥಂ, ಮಲೆ ಮಹದೇಶ್ವರ ಬೆಟ್ಟದ ಸೀಮೆ. 1993ರ ಏಪ್ರಿಲಿನಲ್ಲಿ ಪಾಲಾರ್ ಬಳಿ ವೀರಪ್ಪನ್ ಗುಂಪು ನೆಲಬಾಂಬು ಸಿಡಿಸಿ 22 ಜನರನ್ನು ಕೊಂದ ಮೇಲೆ, ಎರಡೂ ರಾಜ್ಯಗಳ ಕಾಡಂಚಿನ ಅನೇಕ ಬಡವರು ಟಾಡಾ ಕಾಯಿದೆಯಡಿ ಮೈಸೂರಿನ ಸೆರೆಮನೆ ಸೇರಿದರು. ಅವರಲ್ಲಿ ಹೆಂಗಸರೂ ಇದ್ದರು. 2000ದಲ್ಲಿ ಡಾ. ರಾಜ್‌ಕುಮಾರ್ ಅವರನ್ನು ಅಪಹರಿಸಿದಾಗ ವೀರಪ್ಪನ್ ಮುಂದಿಟ್ಟ ಬೇಡಿಕೆಗಳಲ್ಲಿ ಈ ಬಂದಿಗಳ ಬಿಡುಗಡೆಯೂ ಒಂದಾದುದರಿಂದ ಅವರ ಸುದ್ದಿ ನಾಡಿಗೆಲ್ಲ ತಿಳಿಯಿತು. 2001ರಲ್ಲಿ ಮೈಸೂರಿನ ವಿಶೇಷ ನ್ಯಾಯಾಲಯ ನೂರಕ್ಕೂ ಹೆಚ್ಚು ಮಂದಿಯನ್ನು ದೋಷಮುಕ್ತಗೊಳಿಸಿತು. ಅಷ್ಟರಲ್ಲಿ ಅನೇಕರ ಬಾಳಿನ ಎಂಟು ವರ್ಷಗಳು ಕಂಬಿಗಳ ಹಿಂದೆ ಕಳೆದುಹೋಗಿದ್ದವು.

ಆ ಕಾರ್ಯಾಚರಣೆಯ ಕಾಲದ ದೌರ್ಜನ್ಯಗಳ ವಿಚಾರಣೆಗೆ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ನೇಮಿಸಿದ ನ್ಯಾಯಮೂರ್ತಿ ಎ. ಜೆ. ಸದಾಶಿವ ಅವರ ಸಮಿತಿಯ ಮುಂದೆ ಹಳ್ಳಿಗರು ಹೊಡೆತದ, ವಿದ್ಯುತ್ ಆಘಾತದ ಹೇಳಿಕೆಗಳನ್ನು ಕೊಟ್ಟರು. 2007ರಲ್ಲಿ ಆಯೋಗವು 89 ಮಂದಿಗೆ ಒಟ್ಟು 2.80 ಕೋಟಿ ರೂಪಾಯಿಗಳ ಪರಿಹಾರವನ್ನು ಶಿಫಾರಸು ಮಾಡಿತು. ಅದು ಸಲ್ಲಬೇಕಾದ ಹಣವೇ. ಆದರೆ ಹಣವನ್ನು ಒಮ್ಮೆ ಎಣಿಸಿ ಕೊಟ್ಟು ಕೈತೊಳೆದುಕೊಳ್ಳಬಹುದು. ಜರ್ಜರಿತವಾದ ಮೈಗೂ ನಿದ್ದೆ ಕಳೆದುಕೊಂಡ ಮನಸ್ಸಿಗೂ ವರ್ಷಗಟ್ಟಲೆ ಆರೈಕೆ ಬೇಕಾಗುತ್ತದೆ.

ಟಾಡಾ ಇಂದಿಲ್ಲ. ಸೆರೆಯಿಂದ ಊರಿಗೆ ಮರಳುವವರು ಇಂದೂ ಇದ್ದಾರೆ. ಇಕ್ಕಟ್ಟಾದ ಸೆರೆಮನೆಯಲ್ಲಿ ಕ್ಷಯ ಸುಲಭವಾಗಿ ಹರಡುತ್ತದೆ. ಅದರ ಚಿಕಿತ್ಸೆ ಸಾಮಾನ್ಯವಾಗಿ ಆರು ತಿಂಗಳದ್ದು. ಮೂರನೆಯ ತಿಂಗಳಲ್ಲಿ ಬಿಡುಗಡೆಯಾದವನು ಮಾತ್ರೆ ನಿಲ್ಲಿಸಿದರೆ ರೋಗ ಮರುಕಳಿಸುವುದಲ್ಲದೆ ಔಷಧಕ್ಕೆ ಬಗ್ಗದ ರೂಪವನ್ನೂ ತಾಳಬಹುದು. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಮನೋರೋಗಗಳ ಔಷಧಗಳೂ ನಡುವೆ ತಪ್ಪಬಾರದವು. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಬಿಡುಗಡೆಯಾದ ಮೂವತ್ತು ಸಾವಿರಕ್ಕೂ ಮಿಕ್ಕವರನ್ನು ಕುರಿತು 2007ರಲ್ಲಿ ಪ್ರಕಟವಾದ ಅಧ್ಯಯನವೊಂದು, ಮೊದಲ ಎರಡು ವಾರಗಳಲ್ಲಿ ಅವರ ಸಾವಿನ ಸಂಭವ ಇತರ ನಿವಾಸಿಗಳಿಗಿಂತ ಸುಮಾರು ಹನ್ನೆರಡೂವರೆ ಪಟ್ಟು ಹೆಚ್ಚೆಂದು ಕಂಡಿತು. ಅಲ್ಲಿಯ ಮುಖ್ಯ ಕಾರಣ ಮಾದಕವಸ್ತುಗಳ ಅತಿಸೇವನೆ. ನಮ್ಮಲ್ಲಿಯ ಕಾರಣಗಳು ಬೇರೆಯಿರಬಹುದು. ಆದರೆ ಹೊರಬಂದ ಮೊದಲ ದಿನಗಳೇ ಎಳೆಯವು, ಬಾಣಂತಿಯ ಮೊದಲ ದಿನಗಳಂತೆ.

ಪ್ರಾಮಾಣಿಕರೇ ಆಸ್ಪತ್ರೆಯ ಸಾಲಿನಲ್ಲಿ ನಿಂತಿರುವಾಗ ಜೈಲಿನಿಂದ ಬಂದವನಿಗೇಕೆ ಈ ಉಪಚಾರ ಎಂದು ಕೇಳುವವರಿದ್ದಾರೆ. ಪ್ರಶ್ನೆ ಸಹಜವಾದುದೇ. 2022ರ ಕೊನೆಗೆ ಭಾರತದ ಸೆರೆಮನೆಗಳಲ್ಲಿದ್ದ ಸುಮಾರು 5.73 ಲಕ್ಷ ಜನರಲ್ಲಿ ನೂರಕ್ಕೆ 75ಕ್ಕೂ ಹೆಚ್ಚು ಮಂದಿ ವಿಚಾರಣಾಧೀನರು. ಅಪರಾಧಿಗಳೆಂದು ಇನ್ನೂ ತೀರ್ಮಾನವಾಗದವರು. ಅಪರಾಧಿಯೇ ಆದರೂ ನ್ಯಾಯಾಲಯ ವಿಧಿಸಿದ್ದು ಸೆರೆವಾಸವನ್ನು, ರೋಗವನ್ನಲ್ಲ. ಮೇಲಾಗಿ ಅವನು ಮರಳುವುದು ಬೇರೆ ಲೋಕಕ್ಕಲ್ಲ. ಅವನ ಕೆಮ್ಮನ್ನು ಕೇಳುತ್ತ ಮಲಗುವವರು ಅವನ ಹೆಂಡತಿ, ಮಕ್ಕಳು. ಆ ಮಕ್ಕಳು ಮರುದಿನ ಬೆಳಿಗ್ಗೆ ಬರುವುದು ನಮ್ಮ ತರಗತಿಗೆ.

ಇದಕ್ಕೆ ಹೊಸ ಇಲಾಖೆಯನ್ನು ಕಟ್ಟಬೇಕಾಗಿಲ್ಲ. ಸೆರೆಮನೆಯ ವೈದ್ಯಸೇವೆ ಸಾರ್ವಜನಿಕ ಆರೋಗ್ಯ ವ್ಯವಸ್ಥೆಯೊಡನೆ ಕೂಡಿಕೊಂಡಿರಬೇಕು, ಚಿಕಿತ್ಸೆ ಎಡೆಬಿಡದೆ ಸಾಗಬೇಕು ಎಂದು ವಿಶ್ವಸಂಸ್ಥೆ 2015ರಲ್ಲಿ ಅಂಗೀಕರಿಸಿದ ನೆಲ್ಸನ್ ಮಂಡೇಲಾ ನಿಯಮಗಳು ಹೇಳುತ್ತವೆ. ಮನೆಬಾಗಿಲಿಗೆ ಔಷಧ ತಲುಪಿಸುವ ತಮಿಳುನಾಡಿನ ‘ಮಕ್ಕಳೈ ತೇಡಿ ಮರುತ್ತುವಂ’ ಯೋಜನೆ 2021ರ ಆಗಸ್ಟ್ 5ರಂದು ಆರಂಭವಾದುದು ನಮ್ಮದೇ ಕೃಷ್ಣಗಿರಿ ಜಿಲ್ಲೆಯ ಸಾಮನಪಳ್ಳಿಯಲ್ಲಿ. ಜನರನ್ನು ಅರಸಿಕೊಂಡು ಹೋಗುವ ವೈದ್ಯ ಎಂಬುದೇ ಆ ಹೆಸರಿನ ಅರ್ಥ. ಸೆರೆಯಿಂದ ಬಂದವನನ್ನೂ ಅದು ಅರಸಿಕೊಂಡು ಹೋಗಲಿ.

ನನ್ನ ಬೇಡಿಕೆ ಮೂರೇ. ಬಿಡುಗಡೆಯ ದಿನ ಅವನ ಕೈಗೆ ಒಂದು ತಿಂಗಳ ಔಷಧವೂ ಚಿಕಿತ್ಸೆಯ ವಿವರವಿರುವ ಪುಸ್ತಕವೂ ಬರಲಿ. ಅವನ ಒಪ್ಪಿಗೆ ಪಡೆದು, ಊರಿನ ಆರೋಗ್ಯ ಕೇಂದ್ರಕ್ಕೆ ಮುಂಚಿತವಾಗಿಯೇ ಪತ್ರ ಹೋಗಲಿ. ಅದರಲ್ಲಿ ರೋಗದ ವಿವರವಿರಲಿ, ಅಪರಾಧದ ಹೆಸರು ಬೇಡ. ಆ ಪುಸ್ತಕ ಅವನು ಓದಬಲ್ಲ ಭಾಷೆಯಲ್ಲಿರಲಿ. ನಾಟ್ರಾಂಪಾಳ್ಯದ ಕನ್ನಡಿಗನೊಬ್ಬನಿಗೆ ತಮಿಳಿನಲ್ಲೋ ಇಂಗ್ಲಿಷಿನಲ್ಲೋ ಬರೆದ ಚೀಟಿಯನ್ನು ಕೊಟ್ಟರೆ, ಬೆಳಗಿನ ಮಾತ್ರೆ ಯಾವುದು, ರಾತ್ರಿಯದು ಯಾವುದು ಎಂದು ತಿಳಿಯಲು ಅವನು ಪರರ ಮನೆಬಾಗಿಲಿಗೆ ಹೋಗಬೇಕು. ಅಲ್ಲಿಗೆ ಅವನ ಗುಟ್ಟೂ ಬಯಲಾಯಿತು, ಚಿಕಿತ್ಸೆಯೂ ನಿಂತಿತು.

ಈ ಮೂರನೆಯ ಕೆಲಸದಲ್ಲಿ ನಮ್ಮ ವಿಭಾಗಕ್ಕೂ ಪಾಲಿದೆ. ಕನ್ನಡವನ್ನೂ ತಮಿಳನ್ನೂ ಬಲ್ಲ ನಮ್ಮ ವಿದ್ಯಾರ್ಥಿಗಳು ಒಂದು ವಾರ ಕುಳಿತರೆ ಇಂಥ ಪುಸ್ತಕಕ್ಕೆ ಕನ್ನಡದ ಮಾದರಿ ಸಿದ್ಧವಾಗುತ್ತದೆ. ವೈದ್ಯರೊಬ್ಬರು ಅದನ್ನು ತಿದ್ದಿಕೊಡಲಿ. ನಾವು ಅದನ್ನು ಜಿಲ್ಲಾಧಿಕಾರಿಗಳಿಗೆ ಒಪ್ಪಿಸೋಣ. ಭಾಷೆಯನ್ನು ಉಳಿಸಬೇಕೆಂದು ಪ್ರತಿ ನವೆಂಬರಿನಲ್ಲಿ ಭಾಷಣ ಮಾಡುವ ನಾವು, ಆ ಭಾಷೆಯಿಂದ ಒಬ್ಬನ ಮಾತ್ರೆ ತಪ್ಪದಂತೆ ನೋಡಿಕೊಂಡರೆ ಅದೂ ಭಾಷಾಸೇವೆಯೇ.