ಇಡೀ ದಿನ ನೋಡಿದವರಿಗೆ ಗೊತ್ತು

"ಅಕ್ಕಾ, ನೀವೂ ಅದನ್ನೆಲ್ಲ ನೋಡ್ತೀರಾ?" ನಮ್ಮ ಸಂಘದ ಹುಡುಗಿಯೊಬ್ಬಳು ನಗುತ್ತಾ ಕೇಳಿದಳು. ನೋಡಿದ್ದೇನೆ, ಮುಚ್ಚಿಡುವುದೇನು? 2022ರ ಆಗಸ್ಟ್‌ನಲ್ಲಿ ಕನ್ನಡದ ಬಿಗ್ ಬಾಸ್ ಟಿ.ವಿ. ಬಿಟ್ಟು ಮೊಬೈಲಿಗೆ ಬಂತು. ಬಿಡದಿಯಲ್ಲಿದ್ದ ಆ ಮನೆಯೊಳಗೆ ನಡೆಯುವುದನ್ನು ವೂಟ್ ಎಂಬ ಆ್ಯಪ್‌ನಲ್ಲಿ ಆರು ವಾರ, ಹಗಲೂ ರಾತ್ರಿ, ನೇರವಾಗಿ ತೋರಿಸಿದರು. ಆಗ ಕಾಲು ಉಳುಕಿ ನಾನು ಮನೆಯಲ್ಲೇ ಇದ್ದೆ. ಮಗಳ ಮೊಬೈಲು ಪಕ್ಕದಲ್ಲಿಟ್ಟುಕೊಂಡು ಹೂ ಕಟ್ಟುತ್ತಾ ನೋಡಿದೆ.

ನಿಜ ಹೇಳಬೇಕೆಂದರೆ ಹೆಚ್ಚು ಹೊತ್ತು ಅಲ್ಲಿ ಏನೂ ನಡೆಯುವುದಿಲ್ಲ. ಹಲ್ಲುಜ್ಜುತ್ತಾರೆ, ಪಾತ್ರೆ ತೊಳೆಯುತ್ತಾರೆ, ಸಾರಿಗೆ ಉಪ್ಪು ಹೆಚ್ಚಾಯಿತೆಂದು ಗೊಣಗುತ್ತಾರೆ. ನಡುನಡುವೆ ಒಬ್ಬರನ್ನೊಬ್ಬರು ಚುಚ್ಚುತ್ತಾರೆ. ಬೆಳಿಗ್ಗೆ ಒಂದು ಕುಹಕ, ಮಧ್ಯಾಹ್ನ ಗುಂಪು ಕಟ್ಟಿಕೊಂಡು ಒಂದು ನಗೆ, ಸಂಜೆ ಬೆನ್ನ ಹಿಂದೆ ಒಂದು ಮಾತು. ರಾತ್ರಿಯ ಹೊತ್ತಿಗೆ ಯಾರದಾದರೂ ತಾಳ್ಮೆ ಕಟ್ಟೆಯೊಡೆಯುತ್ತದೆ. ಆಮೇಲೆ ಕತ್ತರಿಸಿ ಜೋಡಿಸಿದ ಕಂತು ಬರುತ್ತದೆ. ಅದರಲ್ಲಿ ಬೆಳಗಿನ ಕುಹಕಕ್ಕೆ ಜಾಗ ಸಿಗುವುದು ಕಡಿಮೆ, ರಾತ್ರಿಯ ಕೂಗಾಟಕ್ಕೆ ಜಾಗ ಇದ್ದೇ ಇರುತ್ತದೆ. ಕೂಗಿದವಳು ಹೆಣ್ಣಾದರಂತೂ ಕೇಳಬೇಕೇ? 'ಬಜಾರಿ' ಎಂದು ನೋಡಿದವರೆಲ್ಲ ತೀರ್ಪು ಕೊಡುತ್ತಾರೆ.

ಇದನ್ನು ಬೇರೆ ಎಲ್ಲೋ ನೋಡಿದ್ದೇನಲ್ಲ ಅನ್ನಿಸಿತು. ಹೌದು, ನಮ್ಮೂರಿನ ಕಟ್ಟೆಯ ಮೇಲೆ.

ಕೆಲವು ವರ್ಷಗಳ ಹಿಂದೆ ಸಂಘದ ಒಬ್ಬ ತಂಗಿಯ ವಿಷಯ ಹಿರಿಯರ ಮುಂದೆ ಬಂತು. ಮದುವೆಯಲ್ಲಿ ಮಾತಾದ ಬೈಕು ಬರಲಿಲ್ಲವೆಂದು ಎರಡು ವರ್ಷ ಅವಳಿಗೆ ದಿನವೂ ಮಾತಿನ ಬರೆ. ಒಂದು ರಾತ್ರಿ ಅವಳು ಸಾರಿನ ಪಾತ್ರೆ ಎತ್ತಿ ಎಸೆದಳು. ಕಟ್ಟೆಯ ಮೇಲೆ ಆ ಪಾತ್ರೆಯದೇ ಮಾತು! ಎರಡು ವರ್ಷದ ಕಥೆ ಯಾರಿಗೂ ಬೇಕಾಗಲಿಲ್ಲ. 'ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ' ಎಂದು ವಾಪಸು ಕಳಿಸಿದರು. ನಾನೂ ಅವಳನ್ನೇ ಗದರಿಸಿದ್ದೆ: "ಪಾತ್ರೆ ಎಸೆಯುವಂಥದ್ದು ಏನಾಗಿತ್ತೇ ನಿನಗೆ?" ಮೂರು ತಿಂಗಳಿಗೆ ಅವಳು ಮುರಿದ ಕೈ ಹಿಡಿದುಕೊಂಡು ಸಂಘಕ್ಕೆ ಬಂದಳು. ನನ್ನ ಆ ಮಾತು ನನಗೆ ಇವತ್ತಿಗೂ ಚುಚ್ಚುತ್ತದೆ. ಮಾತಿನಲ್ಲಿ ಉತ್ತರವಿಲ್ಲದೆ ನಾನು ಕೇಳಿದ ಪ್ರಶ್ನೆಗೆ ಅವಳ ಕೈಯೇ ಉತ್ತರ ಕೊಟ್ಟಿತ್ತು.

ಕಾನೂನು ನಮಗಿಂತ ಚೆನ್ನಾಗಿ ಇದನ್ನು ಅರ್ಥ ಮಾಡಿಕೊಂಡಿದೆ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯ ಪ್ರಕಾರ ಏಟು ಮಾತ್ರ ದೌರ್ಜನ್ಯವಲ್ಲ. ಹೀಯಾಳಿಕೆ, ಅವಮಾನ, ಬೈಗುಳ, ಗಂಡುಮಗು ಹೆರಲಿಲ್ಲವೆಂಬ ಮೂದಲಿಕೆ ಎಲ್ಲವೂ ದೌರ್ಜನ್ಯವೇ. ಮನೆಯೊಳಗೆ ಕಾನೂನು ಯಾವುದನ್ನು ದೌರ್ಜನ್ಯ ಎನ್ನುತ್ತದೋ, ಅದನ್ನೇ ಆ ಮನೆಯಲ್ಲಿ ಮನರಂಜನೆ ಎಂದು ಮಾರುತ್ತಾರೆ. ನಾವು ನೋಡಿ ನಗುತ್ತೇವೆ. ನಗುವುದು ಅಭ್ಯಾಸವಾದರೆ ಪಕ್ಕದ ಮನೆಯ ಅಳು ಕಿವಿಗೆ ಬೀಳುವುದು ಹೇಗೆ?

ಹಾಗಾದರೆ ನೋಡಲೇಬಾರದೇ? ನಾನು ಹಾಗೆ ಹೇಳುವುದಿಲ್ಲ. ನೋಡುವವರು ಸುಮ್ಮನೆ ಕೂರಬೇಕಿಲ್ಲ ಎನ್ನುತ್ತೇನೆ. 2004ರಲ್ಲಿ ಬ್ರಿಟನ್ನಿನ ಬಿಗ್ ಬ್ರದರ್ ಮನೆಯಲ್ಲಿ ಜಗಳ ಕೈಕೈ ಮಿಲಾಯಿಸುವ ಹಂತಕ್ಕೆ ಹೋದ ರಾತ್ರಿ, ನೇರಪ್ರಸಾರ ನೋಡುತ್ತಿದ್ದವರೇ ಪೊಲೀಸರಿಗೆ ಫೋನ್ ಮಾಡಿದರು. 2007ರಲ್ಲಿ ಅದೇ ಕಾರ್ಯಕ್ರಮದಲ್ಲಿ ನಮ್ಮ ಮಂಗಳೂರಿನಲ್ಲಿ ಹುಟ್ಟಿದ ಶಿಲ್ಪಾ ಶೆಟ್ಟಿಯನ್ನು ಜನಾಂಗದ ಹೆಸರಿನಲ್ಲಿ ಹೀಯಾಳಿಸಿದಾಗ 40,000ಕ್ಕೂ ಹೆಚ್ಚು ದೂರುಗಳು ಹೋದವು. ಪ್ರಾಯೋಜಕರು ಹಿಂದೆ ಸರಿದರು, ಹೀಯಾಳಿಸಿದ ಸ್ಪರ್ಧಿಯನ್ನು ಜನರೇ ವೋಟು ಹಾಕಿ ಹೊರಗೆ ಕಳಿಸಿದರು. ನಮ್ಮಲ್ಲೂ 2024ರಲ್ಲಿ ಬಿಗ್ ಬಾಸ್ ಮನೆಯಲ್ಲಿ 'ನರಕ' ಎಂದು ಬೇರೆ ಜಾಗ ಮಾಡಿ ಸ್ಪರ್ಧಿಗಳನ್ನು ಇಟ್ಟಾಗ, ಹೆಣ್ಣುಮಕ್ಕಳ ಘನತೆಯ ಪ್ರಶ್ನೆ ಎತ್ತಿ ರಾಜ್ಯ ಮಹಿಳಾ ಆಯೋಗ ಪೊಲೀಸರಿಗೆ ಪತ್ರ ಬರೆಯಿತು.

ಆ ಮನೆಗೆ ಹೋದವರು ಒಪ್ಪಿ ಹೋದವರು. ಅವರಿಗೆ ಹಣವಿದೆ, ಸುತ್ತ ಕ್ಯಾಮರಾಗಳಿವೆ, ಒಂದು ದಿನ ಬಾಗಿಲು ತೆರೆಯುತ್ತದೆ. ನಮ್ಮ ತಂಗಿಯ ಮನೆಯಲ್ಲಿ ಇದಾವುದೂ ಇರಲಿಲ್ಲ. ಅವಳ ದಿನದ 24 ಗಂಟೆ ನೋಡಿದವರು ಯಾರೂ ಇಲ್ಲ. ನೋಡಬೇಕಾದವರು ನಾವು.

ಆದ್ದರಿಂದ ಗೆಳತಿಯರೇ, ಇನ್ನು ಮೇಲೆ ಯಾವ ಹೆಣ್ಣುಮಗಳು ಸಂಘಕ್ಕೆ ಬಂದರೂ "ನೀನೇನು ಮಾಡಿದೆ?" ಎಂದು ಶುರು ಮಾಡುವುದು ಬೇಡ. "ಬೆಳಗಿನಿಂದ ಏನಾಯಿತು? ಮದುವೆಯಾದಾಗಿನಿಂದ ಏನಾಯಿತು?" ಎಂದು ಕೇಳೋಣ. ಅವಳು ಹೇಳಿದ್ದನ್ನು ತಾರೀಖು ಹಾಕಿ ಬರೆದಿಡೋಣ. ಉಳಿತಾಯದ ಲೆಕ್ಕ ಬರೆಯಲು ಕಲಿತ ಕೈಗೆ ಇದು ಕಷ್ಟವಲ್ಲ. ಮಹಿಳಾ ಸಹಾಯವಾಣಿ 181 ಎಂಬುದು ಎಲ್ಲರ ಬಾಯಲ್ಲೂ ಇರಲಿ. ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ಈ ಕಾಯ್ದೆಯ ಸಂರಕ್ಷಣಾಧಿಕಾರಿ. ಬರೆದದ್ದನ್ನು ಅವರ ಮುಂದಿಡೋಣ.

ಕೊನೆಯ ಐದು ನಿಮಿಷ ನೋಡಿ ತೀರ್ಪು ಕೊಡುವವರು ಊರಲ್ಲಿ ಬೇಕಾದಷ್ಟು ಜನ ಇದ್ದಾರೆ. ನಾವು ಅವರ ಸಾಲಿಗೆ ಸೇರುವುದು ಬೇಡ.